ಇದನ್ನು ಯಾರು ಮುಟ್ಟಿದ್ದಾರೆ?

ಕಳೆದ ವರ್ಷ ಆಷಾಢದ ಒಂದು ರಾತ್ರಿ. ಮಳೆ ಹಿಡಿದು ಒಂಬತ್ತು ದಿನ ಆಗಿತ್ತು, ಕರೆಂಟ್ ಹೋಗಿ ಎರಡು ದಿನ. ಮಗಳು ಅಡುಗೆಮನೆಯಲ್ಲಿ ಒಲೆ ಪಕ್ಕ ಮಣೆ ಹಾಕಿಕೊಂಡು, ಚಾರ್ಜರ್ ಲೈಟಿನ ಬೆಳಕಲ್ಲಿ ಫಿಸಿಕ್ಸ್ ಹೋಂವರ್ಕ್ ಮಾಡುತ್ತಿದ್ದಳು. ನಾನು ಹಲಸಿನ ಬೀಜ ಸುಲಿಯುತ್ತಾ ಪಕ್ಕದಲ್ಲಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಪೆನ್ನಿನ ಸದ್ದು ನಿಂತಿತು. ತಿರುಗಿ ನೋಡಿದರೆ ಅವಳ ಕಣ್ಣಲ್ಲಿ ನೀರು.

"ಎಂತ ಆಯ್ತೇ ಪುಟ್ಟಿ?"

"ಒಂದೂ ಬರ್ತಿಲ್ಲ ಅಮ್ಮ. ಸೂತ್ರ ಎಲ್ಲಾ ಬಾಯಿಪಾಠ ಇದೆ. ಯಾವುದನ್ನ ಎಲ್ಲಿ ಹಾಕ್ಬೇಕು ಅಂತ ಗೊತ್ತಾಗಲ್ಲ."

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗೆ ಇದೆ. ಎರಡು ಎಕರೆ ಅಡಿಕೆ ತೋಟ. ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಒಳ್ಳೆ ಮಾರ್ಕ್ಸ್ ಬಂತು, ಆಸೆಯಿಂದ ಪಿಯುಸಿಗೆ ಸೈನ್ಸ್ ತಗೊಂಡಳು. ಟ್ಯೂಷನ್‌ಗೆ ಹಾಕೋಣ ಅಂದರೆ ಅದು ಮುಗಿಯುವ ಹೊತ್ತಿಗೆ ನಮ್ಮ ಕಡೆಗೆ ಬಸ್ಸಿಲ್ಲ. ಮೊಬೈಲಲ್ಲಿ ಪಾಠ ನೋಡೋಣ ಅಂದರೆ ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲ. ಮೊದಲ ಟೆಸ್ಟಲ್ಲಿ 35ಕ್ಕೆ 11 ಬಂದಿತ್ತು. ನಾನು ಓದಿದ್ದು ಆರ್ಟ್ಸ್. ಫಿಸಿಕ್ಸ್ ಪುಸ್ತಕವನ್ನು ಮುಟ್ಟಿದವಳೇ ಅಲ್ಲ. ಆದರೂ ಆ ರಾತ್ರಿ ಬಾಯಲ್ಲಿ ಬಂದುಬಿಟ್ಟಿತು: "ಕೊಡು ಇಲ್ಲಿ, ನಾನೂ ನಿನ್ನ ಜೊತೆ ಓದ್ತೀನಿ. ಇಬ್ಬರೂ ಸೇರಿ ನೋಡೋಣ."

ಅವಳು ತೋರಿಸಿದ ಲೆಕ್ಕ ಹೀಗಿತ್ತು. 15 ಮೀಟರ್ ಎತ್ತರದ ಕಟ್ಟಡದ ಮೇಲೆ ನಿಂತು ಒಬ್ಬ ಕಲ್ಲನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯುತ್ತಾನೆ. ಅದು ನೆಲ ಮುಟ್ಟಲು ಎಷ್ಟು ಹೊತ್ತು? ಗುರುತ್ವದ ವೇಗೋತ್ಕರ್ಷ 10 ಅಂತ ಇಟ್ಟುಕೊಳ್ಳಿ. ಮಗಳು ಸೂತ್ರಕ್ಕೆ ಎಲ್ಲಾ ಸಂಖ್ಯೆ ತುಂಬಿ 1 ಸೆಕೆಂಡ್ ಅಂತ ಉತ್ತರ ತಂದಿದ್ದಳು. ಪುಸ್ತಕದ ಹಿಂದೆ ಇದ್ದ ಉತ್ತರ 3.

ನನಗೆ ಸೂತ್ರ ಗೊತ್ತಿರಲಿಲ್ಲ. ಹಾಗಾಗಿ ಕಲ್ಲಿನ ಬಗ್ಗೆಯೇ ಕೇಳಿದೆ. "ಆ ಹತ್ತು ಅಂದ್ರೆ ಎಂತ?" ಅವಳು ಹೇಳಿದಳು, ಪ್ರತಿ ಸೆಕೆಂಡಿಗೂ ವೇಗ ಹತ್ತು ಹತ್ತು ಬದಲಾಗ್ತದೆ ಅಂತ. ಮೇಲೆ ಹೋಗುವಾಗ ಕಡಿಮೆ, ಕೆಳಗೆ ಬರುವಾಗ ಜಾಸ್ತಿ. "ಹಂಗಾದ್ರೆ ಹತ್ತರಲ್ಲಿ ಹೊರಟ ಕಲ್ಲು ಮೇಲೆ ಹೋಗಿ ನಿಲ್ಲೋಕೇ ಒಂದು ಸೆಕೆಂಡ್ ಬೇಕಲ್ವಾ? ನಿನ್ನ ಉತ್ತರದಲ್ಲಿ ಅದು ಆಗಲೇ ನೆಲಕ್ಕೆ ಬಂದಾಗಿದೆ."

ಮಗಳು ಸುಮ್ನೆ ನನ್ನ ಮುಖ ನೋಡಿದಳು. ಆಮೇಲೆ ಪೆನ್ ತಗೊಂಡು ಒಂದು ಗೆರೆ ಎಳೆದಳು. ಕೆಳಗೆ ನೆಲ, 15ರಲ್ಲಿ ಎಸೆದವನು. ಹತ್ತರಿಂದ ಸೊನ್ನೆಗೆ ಇಳಿಯುವಾಗ ಸರಾಸರಿ ವೇಗ ಐದು. ಅಂದರೆ ಒಂದು ಸೆಕೆಂಡಲ್ಲಿ 5 ಮೀಟರ್ ಮೇಲೆ ಹೋಯಿತು. ನೆಲದಿಂದ 20 ಮೀಟರ್. ಅಲ್ಲಿಂದ ಬೀಳಲು 2 ಸೆಕೆಂಡ್. ಒಟ್ಟು 3. ಸೂತ್ರದ ಗೋಜಿಗೇ ಹೋಗದೆ ಉತ್ತರ ಬಂತು.

ಹಾಗಿದ್ದರೆ ಮೊದಲು ತಪ್ಪಿದ್ದೆಲ್ಲಿ? ಅವಳು ಎತ್ತರ, ವೇಗ, ಗುರುತ್ವ ಮೂರಕ್ಕೂ ಪ್ಲಸ್ ಹಾಕಿದ್ದಳು. ಕಲ್ಲು ಮೇಲೆ ಹೋಗುತ್ತಿದೆ, ಭೂಮಿ ಕೆಳಗೆ ಎಳೆಯುತ್ತಿದೆ. ಎರಡಕ್ಕೂ ಒಂದೇ ಗುರುತು ಹಾಕಿದರೆ ಲೆಕ್ಕಕ್ಕೆ ಹೇಗೆ ಗೊತ್ತಾಗಬೇಕು? ಅವಳು ಮಾಡಿದ್ದು ಕಲ್ಲನ್ನು ಕೆಳಕ್ಕೆ ಎಸೆದರೆ ಏನಾಗುತ್ತದೆ ಅನ್ನುವ ಲೆಕ್ಕ. ಅದಕ್ಕೆ 1 ಸೆಕೆಂಡ್ ಸರಿಯಾದ ಉತ್ತರವೇ. ಪ್ರಶ್ನೆ ಮಾತ್ರ ಬೇರೆ. ಮೇಲಿನ ದಿಕ್ಕು ಪ್ಲಸ್, ಕೆಳಗಿನದು ಮೈನಸ್ ಅಂತ ಮೊದಲೇ ಬರೆದುಕೊಂಡು ಮತ್ತೆ ಮಾಡಿದಳು. ಈ ಸಲ ಎರಡು ಉತ್ತರ ಬಂತು. 3 ಮತ್ತು ಮೈನಸ್ 1.

"ಮೈನಸ್ ಬಂದಿದ್ದನ್ನ ಬಿಟ್ಟುಬಿಡಬೇಕು ಅಂತ ಹೇಳಿದಾರೆ" ಅಂದಳು. ನನಗೆ ಬಿಡೋಕೆ ಮನಸ್ಸು ಬರಲಿಲ್ಲ. ಮಲಗಿದ ಮೇಲೂ ಅದೇ ತಲೆಯಲ್ಲಿ. ಎಸೆಯುವುದಕ್ಕೆ ಒಂದು ಸೆಕೆಂಡ್ ಮೊದಲು ಆ ಕಲ್ಲು ನೆಲದಲ್ಲಿತ್ತು ಅಂತ ಲೆಕ್ಕ ಹೇಳುತ್ತಿದೆ. ಬೆಳಿಗ್ಗೆ ಕಾಫಿ ಕಾಸುವಾಗ ಹೊಳೆಯಿತು. ನೆಲದ ಮೇಲೆ ನಿಂತವನೊಬ್ಬ ಅದೇ ಕಲ್ಲನ್ನು ಒಂದು ಸೆಕೆಂಡ್ ಮೊದಲು, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿದ್ದರೆ? ಒಂದು ಸೆಕೆಂಡಿಗೆ ಅದು ಸರಿಯಾಗಿ ಕಟ್ಟಡದ ತುದಿಗೆ ಬಂದಿರುತ್ತಿತ್ತು, ಸರಿಯಾಗಿ ಹತ್ತರ ವೇಗದಲ್ಲಿ. ಅಲ್ಲಿಂದ ಮುಂದೆ ಎರಡೂ ಕಲ್ಲಿನ ದಾರಿ ಒಂದೇ. ಕಲ್ಲು ಯಾರ ಕೈಯಿಂದ ಬಂತು ಅನ್ನುವುದು ಸೂತ್ರಕ್ಕೆ ಬೇಕಾಗಿಲ್ಲ. ಮಗಳನ್ನು ಬಸ್ಸಿಗೆ ಬಿಡಲು ಹೋಗುವಾಗ ಇಡೀ ದಾರಿ ಇದನ್ನೇ ಹೇಳಿದೆ. ಬಸ್ ಹತ್ತುವಾಗ ಅವಳು ನಗುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಮುಂದಿನ ತೊಡಕು ಭಾಷೆಯದು. ಕನ್ನಡದಲ್ಲಿ ಅವಳಿಗೆ ಜವ, ವೇಗ, ವೇಗೋತ್ಕರ್ಷ, ಸಂವೇಗ ಎಲ್ಲಾ ಚೆನ್ನಾಗಿ ಗೊತ್ತಿತ್ತು. ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ, ಆಕ್ಸಿಲರೇಷನ್ ಅಂದರೆ ವೇಗೋತ್ಕರ್ಷ, ಮೊಮೆಂಟಮ್ ಅಂದರೆ ಸಂವೇಗ ಅಂತ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆವು. ಅಷ್ಟು ಸುಲಭ. ಕಷ್ಟ ಆಗಿದ್ದು ಸಣ್ಣ ಸಣ್ಣ ಪದಗಳದ್ದು. ಒಂದು ಲೆಕ್ಕದಲ್ಲಿ 'ಲೈಟ್ ಸ್ಟ್ರಿಂಗ್' ಅಂತ ಇತ್ತು. ಇವಳು ಲೈಟ್ ಅಂದರೆ ಬೆಳಕು ಅಂದುಕೊಂಡು, ಈ ಹಗ್ಗಕ್ಕೂ ಬೆಳಕಿಗೂ ಏನು ಸಂಬಂಧ ಅಂತ ಒಂದು ಸಂಜೆ ಪೂರ್ತಿ ಒದ್ದಾಡಿದ್ದಳು. ಅಲ್ಲಿ ಲೈಟ್ ಅಂದರೆ ಹಗುರ. ಹಗ್ಗದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಅರ್ಥ.

ಇಂಥ ಪದಗಳು ಬಹಳ ಇವೆ. 'ಸ್ಮೂತ್' ಅಂದರೆ ನುಣುಪು ಅಂತ ಓದಿ ಮುಂದೆ ಹೋಗುವ ಹಾಗಿಲ್ಲ. ಘರ್ಷಣೆ ಸೊನ್ನೆ ಅಂತ ಬರೆದುಕೊಳ್ಳಬೇಕು. 'ಫ್ರಮ್ ರೆಸ್ಟ್' ಅಂದರೆ ಮೊದಲ ವೇಗ ಸೊನ್ನೆ. 'ಜಸ್ಟ್ ಬಿಗಿನ್ಸ್ ಟು ಸ್ಲೈಡ್' ಅಂದರೆ ಘರ್ಷಣೆ ತನ್ನ ಪೂರ್ತಿ ಶಕ್ತಿ ಹಾಕಿ ಹಿಡಿದಿದೆ, ಇನ್ನು ಒಂಚೂರು ಜಾಸ್ತಿಯಾದರೂ ಜಾರುತ್ತದೆ. 'ಯೂನಿಫಾರ್ಮ್ ವೆಲಾಸಿಟಿ' ಅಂದರೆ ವೇಗೋತ್ಕರ್ಷ ಸೊನ್ನೆ. ಲೆಕ್ಕದಲ್ಲಿ ಅಂಕಿ ರೂಪದಲ್ಲಿ ಕೊಡದ ಅರ್ಧ ಮಾಹಿತಿ ಈ ಪದಗಳ ಒಳಗೆ ಕೂತಿರುತ್ತದೆ. ಕನ್ನಡ ಮೀಡಿಯಂನಿಂದ ಹೋದ ಮಕ್ಕಳು ಸೋಲುವುದು ಇಲ್ಲೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವರಿಗೆ ಫಿಸಿಕ್ಸ್ ಬರುವುದಿಲ್ಲ ಅಂತಲ್ಲ. ಪ್ರಶ್ನೆ ಏನು ಹೇಳುತ್ತಿದೆ ಅನ್ನುವುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಆಗಸ್ಟಲ್ಲಿ ಬಲಗಳ ಪಾಠ ಶುರುವಾಯಿತು. ಇಬ್ಬರಿಗೂ ಕೈಕಾಲು ಬಿದ್ದ ಹಾಗಾಯಿತು. ಒಂದು ಶನಿವಾರ ಪೇಟೆಗೆ ಹೋದವಳು ಧೈರ್ಯ ಮಾಡಿ ಕಾಲೇಜಿಗೆ ಹೋಗಿ ಅವಳ ಫಿಸಿಕ್ಸ್ ಸರ್ ಅವರನ್ನು ಕಂಡೆ. ಪುಣ್ಯಾತ್ಮರು ಹತ್ತು ನಿಮಿಷ ಕೂರಿಸಿಕೊಂಡು ಹೇಳಿಕೊಟ್ಟರು. ಒಂದು ಪೆಟ್ಟಿಗೆಯ ಚಿತ್ರ ಬರೆದರು. ಅದರ ಸುತ್ತ ಚುಕ್ಕಿ ಗೆರೆಯ ಒಂದು ವೃತ್ತ ಹಾಕಿದರು. "ನೋಡಿಯಮ್ಮ, ಈ ಗೆರೆ ದಾಟಿ ಪೆಟ್ಟಿಗೆಯನ್ನ ಯಾರು ಯಾರು ಮುಟ್ಟಿದಾರೆ ಅಂತ ಕೇಳಿ. ಮುಟ್ಟಿದವರು ಒಬ್ಬೊಬ್ಬರಿಗೂ ಒಂದೊಂದು ಬಾಣ. ಮುಟ್ಟದೆ ಎಳೆಯೋದು ಸದ್ಯಕ್ಕೆ ಭೂಮಿ ಒಂದೇ. ಅದಕ್ಕೊಂದು ಬಾಣ. ಇಷ್ಟು ಬರೆಯೋ ತನಕ ಸೂತ್ರ ನೆನಪಿಸ್ಕೋಬೇಡಿ."

ನಮಗೆ ಫಿಸಿಕ್ಸ್ ತೆರೆದುಕೊಂಡಿದ್ದು ಆ ಮಾತಿನಿಂದ. ಅಲ್ಲಿಂದ ಮುಂದೆ ಯಾವ ಲೆಕ್ಕ ತೆಗೆದರೂ ನಮ್ಮ ಮನೆಯ ಮೊದಲ ಪ್ರಶ್ನೆ ಒಂದೇ. ಇದನ್ನ ಯಾರು ಮುಟ್ಟಿದಾರೆ? ಮೇಜಿನ ಮೇಲಿನ ಪುಸ್ತಕವನ್ನು ಮೇಜು ಮುಟ್ಟಿದೆ. ನೇತಾಡುವ ಬುಟ್ಟಿಯನ್ನು ಹಗ್ಗ ಮುಟ್ಟಿದೆ. ಎಸೆದ ಕಲ್ಲನ್ನು ಗಾಳಿ ಬಿಟ್ಟರೆ ಯಾರೂ ಮುಟ್ಟಿಲ್ಲ. ಮಗಳು ಅಲ್ಲಿಯವರೆಗೆ ಹಾರುತ್ತಿರುವ ಕಲ್ಲಿಗೂ 'ಎಸೆದ ಬಲ' ಅಂತ ಒಂದು ಬಾಣ ಹಾಕುತ್ತಿದ್ದಳು. ಕೈ ಬಿಟ್ಟ ಮೇಲೆ ಕೈ ಎಲ್ಲಿಂದ ಮುಟ್ಟುತ್ತದೆ? ಆ ಬಾಣ ಅವತ್ತೇ ಹೋಯಿತು.

ಆದರೆ ಒಂದು ವಿಷಯದಲ್ಲಿ ನಾವಿಬ್ಬರೂ ಎರಡು ದಿನ ಜಗಳ ಆಡಿದೆವು. ಬಾವಿಯಿಂದ ನೀರು ಸೇದುವ ಲೆಕ್ಕ. ನೀರು ತುಂಬಿದ ಕೊಡಪಾನ 10 ಕೆಜಿ. ಒಂದೇ ವೇಗದಲ್ಲಿ ಮೇಲೆ ಎಳೆಯುವಾಗ ಹಗ್ಗದ ಎಳೆತ ಎಷ್ಟು? ಉತ್ತರ 98 ನ್ಯೂಟನ್. ಕೊಡಪಾನದ ತೂಕವೂ 98 ನ್ಯೂಟನ್ನೇ.

"ಅದ್ಹೆಂಗೆ ಅಮ್ಮ? ಮೇಲೆ ಬರ್ತಿದೆ ಅಂದ್ರೆ ಮೇಲಿನ ಬಲ ಜಾಸ್ತಿ ಇರ್ಬೇಕಲ್ವಾ? ಎರಡೂ ಸಮ ಇದ್ರೆ ಅದು ಅಲ್ಲೇ ನಿಲ್ಬೇಕು."

ನನಗೂ ಹಾಗೇ ಅನ್ನಿಸಿತ್ತು. ಇಪ್ಪತ್ತು ವರ್ಷ ಬಾವಿಯಲ್ಲಿ ನೀರು ಸೇದಿದ ತೋಳು ನನ್ನದು. ಮೇಲೆ ತರೋದು ಕಷ್ಟ ಅಂತ ಅದು ಹೇಳುತ್ತದೆ. ಆದರೆ ಪುಸ್ತಕ ಬೇರೆ ಹೇಳುತ್ತಿದೆ. ಕೊನೆಗೆ ಮಾವಯ್ಯನ ಸ್ಪ್ರಿಂಗ್ ತಕ್ಕಡಿ ನೆನಪಾಯಿತು. ಕಾಳುಮೆಣಸು ತೂಗಲು ಇಟ್ಟುಕೊಂಡಿದ್ದು, ಕೊಕ್ಕೆ ಇರುವಂಥದ್ದು. ಒಂದು ಚೀಲಕ್ಕೆ 5 ಕೆಜಿ ಅಕ್ಕಿ ತುಂಬಿ ಕೊಕ್ಕೆಗೆ ಸಿಕ್ಕಿಸಿದೆವು. ನಾನು ತಕ್ಕಡಿ ಹಿಡಿದು ನಿಂತೆ. ಮಗಳು ಮುಳ್ಳಿನ ಹತ್ತಿರ ಕಣ್ಣಿಟ್ಟಳು.

ಸುಮ್ಮನೆ ಹಿಡಿದಾಗ ಮುಳ್ಳು ಐದರಲ್ಲಿ. ಮೇಲಕ್ಕೆ ಎತ್ತಲು ಶುರು ಮಾಡಿದ ಆ ಕ್ಷಣ ಮುಳ್ಳು ಐದನ್ನು ದಾಟಿ ಕೆಳಗೆ ಜಗ್ಗಿತು. ಆಮೇಲೆ ನಿಧಾನಕ್ಕೆ, ಒಂದೇ ಸಮನೆ ಎತ್ತುತ್ತಾ ಹೋದೆ. ಮುಳ್ಳು ಐದಕ್ಕೆ ವಾಪಸ್ ಬಂದು ಅಲ್ಲೇ ನಡುಗುತ್ತಾ ನಿಂತಿತು. ಚೀಲ ಮೇಲೆ ಹೋಗುತ್ತಲೇ ಇದೆ, ಮುಳ್ಳು ಐದರಲ್ಲೇ ಇದೆ. ತಲೆಯ ಎತ್ತರಕ್ಕೆ ಬಂದಾಗ ಕೈ ನಿಲ್ಲಿಸಿದೆ. ನಿಲ್ಲುವ ಹೊತ್ತಿಗೆ ಮುಳ್ಳು ಐದಕ್ಕಿಂತ ಕಡಿಮೆಗೆ ಹಾರಿ ಮತ್ತೆ ಐದಕ್ಕೆ ಬಂತು. "ಇನ್ನೊಂದ್ಸಲ" ಅಂದಳು ಮಗಳು. ಹತ್ತು ಸಲ ಮಾಡಿರಬೇಕು. ಅವತ್ತು ತೋಳು ನೋವು ಬಂದಿದ್ದು ನಿಜ. ಆದರೆ ಹೊರಡಿಸುವುದಕ್ಕೆ ಮಾತ್ರ ಹೆಚ್ಚಿನ ಬಲ ಬೇಕು, ಹೊರಟಿದ್ದನ್ನು ಅದೇ ವೇಗದಲ್ಲಿ ನಡೆಸಿಕೊಂಡು ಹೋಗಲು ಬೇಡ ಅನ್ನುವುದನ್ನು ಕಣ್ಣಾರೆ ಕಂಡೆವು. ಬಾವಿಯಲ್ಲೂ ಹಾಗೇ ಅಲ್ವಾ? ಕೊಡಪಾನ ನೀರಿಂದ ಮೇಲೆದ್ದು ಹೊರಡುವಾಗ ಒಂದು ಜಗ್ಗು ಜಗ್ಗುತ್ತದೆ. ಆಮೇಲೆ ರಾಟೆ ತಿರುಗುತ್ತಾ ಇರುತ್ತದೆ. ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 1 ಮೀಟರಿನಷ್ಟು ಏರುತ್ತಾ ಹೋದರೆ ಹಗ್ಗದ ಎಳೆತ 108 ನ್ಯೂಟನ್. ಅದೇ ವೇಗೋತ್ಕರ್ಷದಲ್ಲಿ ಕೆಳಗೆ ಬಿಟ್ಟರೆ 88. ಲಿಫ್ಟಿನ ಲೆಕ್ಕಗಳೆಲ್ಲಾ ಇದೇ. ಮಗಳು ಲಿಫ್ಟ್ ಹತ್ತಿದವಳಲ್ಲ, ಆದರೆ ಕೊಡಪಾನ ಗೊತ್ತು. ಲಿಫ್ಟ್ ಅಂತ ಕಂಡಲ್ಲೆಲ್ಲಾ ಕೊಡಪಾನ ಅಂತ ಓದಿಕೊಂಡಳು.

ಇಳಿಜಾರಿನ ಲೆಕ್ಕಕ್ಕೂ ಮನೆಯ ಸಾಮಾನೇ ಆಯಿತು. ಇಳಿಜಾರು ಹಲಗೆ ಮೇಲೆ ಇಟ್ಟ ವಸ್ತುವನ್ನು ಹಲಗೆ ಎಷ್ಟು ಬಲದಿಂದ ತಳ್ಳುತ್ತದೆ? ಮಗಳು ಎಲ್ಲಾ ಕಡೆ ವಸ್ತುವಿನ ಪೂರ್ತಿ ತೂಕವನ್ನೇ ಬರೆಯುತ್ತಿದ್ದಳು. ನಾನು ಕೇಳಿದೆ, ಹಲಗೆಯನ್ನ ಗೋಡೆ ಥರ ನೇರ ನಿಲ್ಲಿಸಿದರೆ ಅದು ಡಬ್ಬಿಯನ್ನ ಹೊರುತ್ತದಾ? ಇಲ್ಲ. ಆಗ ತಳ್ಳುವ ಬಲ ಸೊನ್ನೆ. ಮಟ್ಟವಾಗಿ ಮಲಗಿಸಿದರೆ ಪೂರ್ತಿ ತೂಕ. ನಡುವೆ ಇದ್ದರೆ ನಡುವಿನದು. ಕೊಸೈನ್ ಅಲ್ಲಿ ಯಾಕೆ ಬರುತ್ತದೆ ಅಂತ ಅವಳಿಗೆ ಆಗ ಹೊಳೆಯಿತು. ಸೊನ್ನೆ ಡಿಗ್ರಿಗೆ ಒಂದು, ತೊಂಬತ್ತಕ್ಕೆ ಸೊನ್ನೆ. ತುದಿಗಳನ್ನು ನೋಡಿ ನಡುವನ್ನು ಊಹಿಸುವ ಈ ದಾರಿ ಆಮೇಲೆ ಎಷ್ಟೋ ಕಡೆ ಕೈ ಹಿಡಿಯಿತು. ಸೈನ್ ಹಾಕಬೇಕಾ ಕೊಸೈನ್ ಹಾಕಬೇಕಾ ಅಂತ ಗೊಂದಲ ಆದಾಗಲೆಲ್ಲಾ ಹಲಗೆ ಮಲಗಿಸಿ ನೋಡುತ್ತೇವೆ.

ಅದೇ ಹಲಗೆ ಮೇಲೆ ಘರ್ಷಣೆಯನ್ನೂ ಅಳೆದೆವು. ಹಲಗೆ 120 ಸೆಂಟಿಮೀಟರ್ ಉದ್ದ. ಒಂದು ತುದಿಯಲ್ಲಿ ಖಾಲಿ ಸ್ಟೀಲ್ ಡಬ್ಬಿ ಇಟ್ಟು ಆ ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋದೆವು. 45 ಸೆಂಟಿಮೀಟರ್ ಎತ್ತರಕ್ಕೆ ಬಂದಾಗ ಡಬ್ಬಿ ಸರ್ರನೆ ಜಾರಿತು. ಲೆಕ್ಕ ಹಾಕಿದರೆ 22 ಡಿಗ್ರಿ. ಅದರ ಟ್ಯಾನ್ 0.4. ಸ್ಟೀಲಿಗೂ ಆ ಹಲಗೆಗೂ ನಡುವಿನ ಘರ್ಷಣಾಂಕ, ಅಂದರೆ ಹಿಡಿತ ಎಷ್ಟು ಅನ್ನುವ ಅಳತೆ, ಅದೇ. ಈಗ ಡಬ್ಬಿಗೆ ಅಕ್ಕಿ ತುಂಬಿದೆವು. ಭಾರ ಜಾಸ್ತಿ ಆಯಿತು, ಬೇಗ ಜಾರುತ್ತದೆ ಅಂತ ಮಾವಯ್ಯ. ಇಲ್ಲ ಅಜ್ಜಯ್ಯ, ಗಟ್ಟಿ ಕೂರ್ತದೆ ಅಂತ ಮಗಳು. 46ಕ್ಕೆ ಜಾರಿತು. ಮತ್ತೆ ಮಾಡಿದಾಗ 44. ಹೆಚ್ಚುಕಡಿಮೆ ಮೊದಲಿನಷ್ಟೇ. ಭಾರ ಜಾಸ್ತಿಯಾದರೆ ಎಳೆತವೂ ಜಾಸ್ತಿ, ಹಿಡಿತವೂ ಅಷ್ಟೇ ಜಾಸ್ತಿ. ಎರಡೂ ಕಡೆ ದ್ರವ್ಯರಾಶಿ ಹೊಡೆದುಹೋಗುತ್ತದೆ. ಕಾಗದದ ಮೇಲೆ ಎಂ ಅನ್ನುವ ಅಕ್ಷರವನ್ನು ಎರಡೂ ಕಡೆಯಿಂದ ಗೀಟು ಹಾಕಿ ತೆಗೆಯುವುದು ಅಂದರೆ ಇದೇ. ಮಾವಯ್ಯ ಇನ್ನೊಂದ್ಸಲ ಮಾಡಿಸಿ ನೋಡಿ, "ಹೌದಲ್ಲೇ!" ಅಂದರು.

ಗೆಲಿಲಿಯೋ ಕೂಡ ಬೀಳುವ ವಸ್ತುವನ್ನು ಅರ್ಥ ಮಾಡಿಕೊಳ್ಳಲು ಇಳಿಜಾರನ್ನೇ ಹಿಡಿದ ಅಂತ ಆಮೇಲೆ ಓದಿದೆ. ನೇರ ಬಿದ್ದರೆ ಅಳೆಯಲು ಆಗದಷ್ಟು ಬೇಗ. ಇಳಿಜಾರಲ್ಲಿ ಉರುಳಿಸಿದರೆ ನಿಧಾನ. ಸೆಕೆಂಡ್ ತೋರಿಸುವ ಗಡಿಯಾರ ಅವನ ಹತ್ತಿರ ಇರಲಿಲ್ಲ. ಪಾತ್ರೆಯಿಂದ ಸಣ್ಣ ಧಾರೆಯಲ್ಲಿ ನೀರು ಬಿಟ್ಟು, ಬಿದ್ದ ನೀರನ್ನು ತೂಗಿ ಹೊತ್ತು ಅಳೆದನಂತೆ. ಅದನ್ನು ಓದಿದ ದಿನ ನಮ್ಮ ಅಡುಗೆಮನೆಯ ಹಲಗೆ ಮೇಲೆ ನನಗೆ ಗೌರವ ಹೆಚ್ಚಾಯಿತು.

ಉತ್ತರ ಬಂದ ಮೇಲೆ ಪೆನ್ನು ಕೆಳಗಿಡಬಾರದು. ಇದನ್ನು ನಾವು ಕಲಿತಿದ್ದು ಮಳೆ ಹನಿಯಿಂದ. 1000 ಮೀಟರ್ ಎತ್ತರದ ಮೋಡದಿಂದ ಬೀಳುವ ಹನಿ ನೆಲಕ್ಕೆ ಎಷ್ಟು ವೇಗದಲ್ಲಿ ಬರುತ್ತದೆ, ಗಾಳಿಯ ತಡೆ ಬಿಟ್ಟು? ಮಗಳು ಚಕಚಕ ಮಾಡಿ ಸೆಕೆಂಡಿಗೆ 140 ಮೀಟರ್ ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋದಳು. 140 ಅಂದರೆ ಗಂಟೆಗೆ 504 ಕಿಲೋಮೀಟರ್! ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಪಕ್ಕದವರು ನಾವು. ಆ ವೇಗದಲ್ಲಿ ಮಳೆ ಬಿದ್ದಿದ್ದರೆ ಹಂಚು ಉಳಿಯುತ್ತಿತ್ತಾ? ತೋಟ ಉಳಿಯುತ್ತಿತ್ತಾ? ಲೆಕ್ಕ ಸರಿಯಾಗಿಯೇ ಇದೆ. 'ಗಾಳಿಯ ತಡೆ ಬಿಟ್ಟು' ಅನ್ನುವ ಮಾತಿಗೆ ಎಷ್ಟು ತೂಕ ಇದೆ ಅಂತ ಆ 504 ತೋರಿಸುತ್ತದೆ. ನಿಜದಲ್ಲಿ ಹನಿಯನ್ನು ಗಾಳಿ ಮುಟ್ಟಿದೆ. ವೇಗ ಏರಿದ ಹಾಗೆ ಗಾಳಿಯ ತಡೆಯೂ ಏರುತ್ತದೆ. ಒಂದು ಹಂತದಲ್ಲಿ ತಡೆ ಮತ್ತು ತೂಕ ಸಮ ಆಗುತ್ತವೆ. ಅಲ್ಲಿಂದ ಒಂದೇ ವೇಗ. ದಪ್ಪ ಹನಿಗೂ ಅದು ಸೆಕೆಂಡಿಗೆ ಸುಮಾರು 9 ಮೀಟರ್ ಅಷ್ಟೇ. ಅಕ್ಕಿ ಚೀಲದ ಮುಳ್ಳು ಐದರಲ್ಲಿ ನಿಂತಿತ್ತಲ್ಲ, ಇದೂ ಅದೇ ಕಥೆ.

ಜೋಗದ ಲೆಕ್ಕವನ್ನು ನಾವೇ ಹಾಕಿಕೊಂಡೆವು. 253 ಮೀಟರ್ ಎತ್ತರ. ಗಾಳಿ ಇಲ್ಲ ಅಂದುಕೊಂಡರೆ ಬೀಳಲು 7.2 ಸೆಕೆಂಡ್. ತಳದಲ್ಲಿ ವೇಗ ಸೆಕೆಂಡಿಗೆ 70.4 ಮೀಟರ್. ಅದನ್ನು ಗಂಟೆಗೆ ಬದಲಾಯಿಸಿದಾಗ ಮಗಳು ಕಿರುಚಿದಳು. ಗಂಟೆಗೆ 253 ಕಿಲೋಮೀಟರ್! ಎತ್ತರ ಮೀಟರಲ್ಲಿ ಎಷ್ಟೋ, ವೇಗ ಗಂಟೆಗೆ ಅಷ್ಟೇ ಕಿಲೋಮೀಟರ್. ಬೇರೆ ಎತ್ತರ ಹಾಕಿ ನೋಡಿದೆವು, ಹೊಂದಲಿಲ್ಲ. ಜೋಗಕ್ಕೆ ಮಾತ್ರ ಹೀಗೆ ಕೂಡಿಬಂದಿದೆ. ಆಕಸ್ಮಿಕವೇ ಇರಲಿ, ನಮಗೆ ಬಹಳ ಖುಷಿಯಾಯಿತು. ರಾಜಾ ಫಾಲ್ಸ್ ಕೆಳಗೆ ತಲುಪುವ ಮೊದಲೇ ನೀರು ಹೊಗೆಯಾಗಿ ಒಡೆಯುವುದನ್ನು ನೋಡಿದವರಿಗೆ ಗೊತ್ತು, ನಿಜವಾದ ವೇಗ ಅಷ್ಟಿರುವುದಿಲ್ಲ.

ಶಕ್ತಿಯ ಪಾಠ ಬಂದಾಗ ಮತ್ತೆ ಜೋಗವೇ. 1948ರಿಂದ ಶರಾವತಿ ನೀರಲ್ಲಿ ಅಲ್ಲಿ ಕರೆಂಟ್ ತೆಗೆಯುತ್ತಿದ್ದಾರೆ. ಒಂದು ಸಾವಿರ ಲೀಟರ್ ನೀರು 253 ಮೀಟರ್ ಬಿದ್ದರೆ ಎಷ್ಟು ಶಕ್ತಿ? ಸುಮಾರು 24.8 ಲಕ್ಷ ಜೂಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಒಂದು ಚೂರೂ ಪೋಲಾಗದೆ ಎಲ್ಲಾ ಕರೆಂಟ್ ಆದರೂ ಸಾವಿರ ಲೀಟರಿಗೆ ಒಂದು ಯೂನಿಟ್ ಬರುವುದಿಲ್ಲ. ಸುಮಾರು 1450 ಲೀಟರ್ ಬೇಕು. ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಸಾವಿರ ಲೀಟರಿನದು. ಅಂಥ ಒಂದೂವರೆ ಟ್ಯಾಂಕ್ ನೀರನ್ನು ಜೋಗದ ಎತ್ತರದಿಂದ ಕೆಳಗೆ ಬಿಟ್ಟರೆ ನಮ್ಮ ಮಿಕ್ಸಿ, ಪಂಪು, ದೀಪಕ್ಕೆ ಒಂದು ಯೂನಿಟ್. ಅವತ್ತಿನಿಂದ ಹೊರಗಿನ ಲೈಟನ್ನು ನಾನು ಸುಮ್ನೆ ಉರಿಯಲು ಬಿಡುವುದಿಲ್ಲ.

ಬೇರೆ ಲೆಕ್ಕಗಳು ಇಷ್ಟು ಕಾಡಲಿಲ್ಲ. ಸರಾಸರಿ ಜವದ್ದು ಒಂದೇ ದಿನದಲ್ಲಿ ಮುಗಿಯಿತು. ಶಿವಮೊಗ್ಗಕ್ಕೆ 60 ಕಿಲೋಮೀಟರ್, ಹೋಗುವಾಗ 40ರ ವೇಗ, ಬರುವಾಗ 60. ಸರಾಸರಿ 50 ಅಲ್ಲ, 48. ನಿಧಾನದ ದಾರಿಯಲ್ಲಿ ಜಾಸ್ತಿ ಹೊತ್ತು ಕಳೆದಿರುತ್ತೇವಲ್ಲ, ಅದಕ್ಕೆ. ಘಾಟಿ ತಿರುವಿನ ಲೆಕ್ಕವೂ ಬೇಗ ಒಲಿಯಿತು. 15 ಮೀಟರ್ ತ್ರಿಜ್ಯದ ತಿರುವು, ಘರ್ಷಣಾಂಕ 0.7 ಇದ್ದರೆ ಗಂಟೆಗೆ 36 ಕಿಲೋಮೀಟರ್ ತನಕ ಹೋಗಬಹುದು. ಅದೇ ರಸ್ತೆ ಒದ್ದೆಯಾಗಿ 0.4ಕ್ಕೆ ಇಳಿದರೆ 28ಕ್ಕೇ ಚಕ್ರ ಜಾರುತ್ತದೆ. ಇಲ್ಲೂ ದ್ರವ್ಯರಾಶಿ ಹೊಡೆದುಹೋಗುತ್ತದೆ, ಬಸ್ಸಿಗೂ ಬೈಕಿಗೂ ಒಂದೇ ಮಿತಿ. ಆಗುಂಬೆ ಘಾಟಿಯ 14 ತಿರುವಲ್ಲಿ ಬೈಕು ಓಡಿಸುವ ಹುಡುಗರಿಗೆ ಈ ಒಂದು ಲೆಕ್ಕವನ್ನಾದರೂ ಮಾಡಿಸಬೇಕು ಅಂತ ನನ್ನ ಆಸೆ.

ಕಾರ್ತಿಕದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾಯಿತು. ಅಷ್ಟರಲ್ಲಿ ಮಗಳು ಲೆಕ್ಕ ಮಾಡುವ ರೀತಿಯೇ ಬದಲಾಗಿತ್ತು. ಮೊದಲು ಚಿತ್ರ, ಆಮೇಲೆ ಬಾಣ, ಆಮೇಲೆ ಪ್ಲಸ್ ಯಾವ ಕಡೆ ಅಂತ ಒಂದು ಗುರುತು, ಕೊನೆಯಲ್ಲಿ ಸೂತ್ರ. ಪರೀಕ್ಷೆಯಲ್ಲಿ 70ಕ್ಕೆ 49 ಬಂದಿತ್ತು. ನಾನು ಕೆಲಸದ ನಡುವೆ ದಿನಕ್ಕೆ ಒಂದು ಲೆಕ್ಕ ಅಂತ ಇಟ್ಟುಕೊಂಡಿದ್ದೆ. ನನ್ನದೇ ಒಂದು ನೋಟ್‌ಬುಕ್ ಆಗಿತ್ತು.

ಆ ಭಾನುವಾರ ಕೊನೆಗಾರ ಮರ ಹತ್ತಿದ್ದ. ಮೇಲಿಂದ ಕೆಳಗಿನವರೆಗೆ ಓರೆಯಾಗಿ ಹಗ್ಗ ಕಟ್ಟಿಕೊಂಡು, ಕೊನೆ ಕೊಯ್ದು ಅದರ ಮೇಲೆ ಜಾರಿ ಬಿಡುತ್ತಿದ್ದ. ಕೆಳಗೆ ಹಗ್ಗ ಹಿಡಿದವನು ಕೊನೆಯನ್ನು ಬಿಡಿಸಿಕೊಳ್ಳುತ್ತಿದ್ದ. ಮಗಳು ಚಹಾ ಕೊಡಲು ಬಂದವಳು ಅಲ್ಲೇ ನಿಂತುಬಿಟ್ಟಳು. ಸುಮಾರು ಹೊತ್ತು ನೋಡಿದಳು. ಕೊನೆಯ ತೂಕ ಕೇಳಿದಳು, ಮರದ ಎತ್ತರ ಕೇಳಿದಳು. ಆಮೇಲೆ ಮನೆಗೆ ಓಡಿದಳು. ಮಧ್ಯಾಹ್ನ ನನ್ನ ನೋಟ್‌ಬುಕ್ ತೆಗೆದರೆ ಅವಳ ಕೈಬರಹದಲ್ಲಿ ಒಂದು ಪ್ರಶ್ನೆ ಇತ್ತು.

'5 ಕೆಜಿ ತೂಕದ ಅಡಿಕೆ ಕೊನೆ 12 ಮೀಟರ್ ಎತ್ತರದಿಂದ ಹಗ್ಗದ ಮೇಲೆ ಜಾರಿ ಬರುತ್ತದೆ. ಕೆಳಗೆ ತಲುಪುವಾಗ ಅದರ ವೇಗ ಸೆಕೆಂಡಿಗೆ 4 ಮೀಟರ್. ಉಳಿದ ಶಕ್ತಿ ಎಲ್ಲಿ ಹೋಯಿತು? ಎಷ್ಟು?'

ಪಾತ್ರೆ ತೊಳೆಯುವುದನ್ನು ಬಿಟ್ಟು ಕೂತೆ. ಕೊನೆಯನ್ನ ಯಾರು ಮುಟ್ಟಿದಾರೆ? ಹಗ್ಗ. ಗಾಳಿಯೂ ಇದೆ, ಆದರೆ ಅದರ ಪಾಲು ಕಡಿಮೆ. ಮೇಲೆ ಇದ್ದಾಗ 5 × 9.8 × 12, ಅಂದರೆ 588 ಜೂಲ್. ಕೆಳಗೆ ಬಂದಾಗ ಚಲನ ಶಕ್ತಿ, ಐದರ ಅರ್ಧ ಗುಣಿಸು ಹದಿನಾರು, 40 ಜೂಲ್. ಉಳಿದಿದ್ದು 548. ಬಹುಪಾಲು ಘರ್ಷಣೆಗೆ ಹೋಗಿದೆ. ಘರ್ಷಣೆಗೆ ಹೋಗಿದ್ದು ಬಿಸಿಯಾಗಿರಬೇಕು.

ನೋಟ್‌ಬುಕ್ ಮಡಚಿಟ್ಟು ತೋಟಕ್ಕೆ ಇಳಿದೆ. ಕೊನೆಗಾರ ಮೇಲಿಂದ "ಅಕ್ಕ, ಪಕ್ಕಕ್ಕೆ ನಿಲ್ಲಿ" ಅಂತ ಕೂಗಿದ. ಒಂದು ಕೊನೆ ಸರ್ರನೆ ಇಳಿದು ಬಂತು. ಕೆಳಗಿನವನು ಅದನ್ನು ಬಿಡಿಸಿಕೊಂಡ ಮೇಲೆ, ಕೈಗೆ ಎಟಕುವ ಕಡೆ ಹಗ್ಗವನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು.